ಹೇಗೂ ಬೀಳೋ ಹಲ್ಲು: ಮಕ್ಕಳ ಹಲ್ಲುನೋವನ್ನ ದೊಡ್ಡವರು ನಂಬೋಕೆ ಎಷ್ಟು ವರ್ಷ ಹಿಡೀತು?

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

ಬಸ್ಸಲ್ಲಿ ಕೂತಿದ್ದೀರೋ, ಮೆಟ್ರೋದಲ್ಲಿ ನಿಂತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲೇ ಇರಿ, ಒಂದ್ಸಲ ನಾಲಿಗೆಯನ್ನ ನಿಮ್ಮ ಹಿಂದಿನ ದವಡೆ ಹಲ್ಲುಗಳ ಮೇಲೆ ಆಡಿಸಿ. ಎಲ್ಲಾದ್ರೂ ಸಿಮೆಂಟ್ ತುಂಬಿಸಿದ ಜಾಗ ಸಿಗ್ತಾ? ಸಿಕ್ಕಿದ್ರೆ ಆ ದಿನ ನಿಮಗೆ ಚೆನ್ನಾಗಿ ನೆನಪಿರುತ್ತೆ. ಆ ಕುರ್ಚಿ, ಮುಖದ ಮೇಲೆ ಬೀಳೋ ಲೈಟು, ಆ ಕೊರೆಯೋ ಸದ್ದು.

ಇವತ್ತಿನ ಕಥೆ ಆ ಕುರ್ಚಿ ಮೇಲೆ ಕೂತ ಪುಟ್ಟ ಮಕ್ಕಳದ್ದು. ಆದ್ರೆ ಮೊದಲು ನಮ್ಮನೆ ಕಥೆ ಒಂದು ಹೇಳ್ಬಿಡ್ತೀನಿ.

ನಮ್ಮಕ್ಕನ ಮಗಳಿಗೆ ಐದು ವರ್ಷ. ಹಬ್ಬಕ್ಕೆ ಎಲ್ಲರೂ ಸೇರಿದ್ವಿ. ಊಟ ಮಾಡುವಾಗ ಒಂದೇ ಕಡೆ ಅಗೀತಿದ್ಲು. ಬಾಯಿ ತೆಗೆಸಿ ನೋಡಿದ್ರೆ ದವಡೆ ಹಲ್ಲಲ್ಲಿ ಕಪ್ಪು ತೂತು. ಅಕ್ಕ ಗಾಬರಿಯಾದಳು. ಆಗ ಮನೆಯಲ್ಲಿ ಒಬ್ಬರು, "ಹಾಲು ಹಲ್ಲು ತಾನೆ, ಹೇಗೂ ಬೀಳುತ್ತೆ ಬಿಡು" ಅಂದ್ರು. ಹಾಗಂದಿದ್ದು ನಾನೇ.

ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಎರಡು ಗಂಟೆಗೆ ಅಕ್ಕನ ಫೋನ್ ಬಂತು. ಮಗು ಕೆನ್ನೆ ಹಿಡ್ಕೊಂಡು ಒಂದೇ ಸಮ ಅಳ್ತಿದೆ. ಅಮ್ಮ ಲವಂಗ ಇಟ್ಟು ನೋಡಿದ್ದಾರೆ, ಉಪ್ಪುನೀರು ಮುಕ್ಕಳಿಸಿದ್ದಾರೆ. ಯಾವುದೂ ಕೆಲಸ ಮಾಡಿಲ್ಲ. ಬೆಳಗ್ಗೆ ಹಲ್ಲಿನ ಡಾಕ್ಟರ ಹತ್ರ ನಾನೂ ಹೋದೆ. ಅವರು ನೋಡಿ, "ಈ ಹಲ್ಲು ತಾನಾಗೇ ಬೀಳೋಕೆ ಇನ್ನೂ ಐದಾರು ವರ್ಷ ಇದೆ ರೀ" ಅಂದ್ರು.

ಐದು ವರ್ಷದ ಮಗುವಿಗೆ ಐದಾರು ವರ್ಷ ಅಂದ್ರೆ ಅದು ಇಲ್ಲೀವರೆಗೆ ಬದುಕಿದಷ್ಟು ಕಾಲ. ಹಾಗಾದ್ರೆ "ಹೇಗೂ ಬೀಳುತ್ತೆ" ಅಂತ ನನಗೆ ಯಾರು ಹೇಳ್ಕೊಟ್ರು? ಹುಡುಕ್ತಾ ಹೋದಾಗ ಸಿಕ್ಕ ಇತಿಹಾಸವೇ ಈ ಎಪಿಸೋಡ್.

ಪದದೊಳಗೆ ಕೂತಿರೋ ಹುಳು

ನಾವು ಈಗಲೂ "ಹುಳುಕು ಹಲ್ಲು" ಅಂತೀವಿ, "ಹಲ್ಲಿಗೆ ಹುಳ ಹತ್ತಿದೆ" ಅಂತೀವಿ. ಆ ಪದದಲ್ಲೇ ಹುಳು ಇದೆ. ಇದು ಕನ್ನಡದವರ ಕಲ್ಪನೆ ಮಾತ್ರ ಅಲ್ಲ. ಸಾವಿರಾರು ವರ್ಷ ಹಿಂದಿನ ಮೆಸೊಪೊಟೇಮಿಯಾದ ಮಣ್ಣಿನ ಫಲಕಗಳಲ್ಲೂ ಹಲ್ಲುನೋವಿಗೆ ಹುಳುವೇ ಕಾರಣ ಅಂತ ಹೇಳಿ, ಅದನ್ನ ಓಡಿಸೋ ಮಂತ್ರ ಬರೆದಿದ್ದಾರೆ. ಜಗತ್ತಿನ ಎಷ್ಟೋ ಕಡೆ ಇದೇ ನಂಬಿಕೆ ಇತ್ತು. 1728ರಲ್ಲಿ ಪ್ಯಾರಿಸ್‌ನ ಪಿಯರ್ ಫೋಶಾರ್ ಅನ್ನೋ ವೈದ್ಯ ಹಲ್ಲಿನ ಚಿಕಿತ್ಸೆ ಬಗ್ಗೆ ದೊಡ್ಡ ಪುಸ್ತಕ ಬರೆದ. ಈ ಹುಳುವಿನ ಮಾತನ್ನ ಅವನು ಒಪ್ಪಲಿಲ್ಲ.

ಆದ್ರೆ ಮಕ್ಕಳ ವಿಷಯದಲ್ಲಿ ಹುಳುವಿಗಿಂತ ಅಪಾಯಕಾರಿಯಾದ ಇನ್ನೊಂದು ನಂಬಿಕೆ ಇತ್ತು. ಹಲ್ಲು ಹುಟ್ಟೋದರಿಂದಲೇ ಮಕ್ಕಳು ಸಾಯ್ತಾರೆ ಅನ್ನೋದು.

17ನೇ ಶತಮಾನದ ಲಂಡನ್‌ನಲ್ಲಿ ವಾರವಾರವೂ ಸತ್ತವರ ಪಟ್ಟಿ ಅಚ್ಚಾಗ್ತಿತ್ತು. ಯಾರ್ಯಾರು ಯಾವ ಕಾರಣಕ್ಕೆ ಸತ್ರು ಅನ್ನೋ ಲೆಕ್ಕ. ಪ್ಲೇಗ್, ಜ್ವರ, ಕ್ಷಯ, ಇವುಗಳ ಜೊತೆ ಒಂದು ಕಾರಣ "ಹಲ್ಲು" ಅಂತಲೇ ಇರ್ತಿತ್ತು. ಯಾಕೆ ಹೀಗೆ ಅಂದ್ಕೊಂಡ್ರು? ಯೋಚನೆ ಮಾಡಿ. ಆರು ತಿಂಗಳಿಂದ ಎರಡೂವರೆ ವರ್ಷದೊಳಗೆ ಹಾಲು ಹಲ್ಲು ಹುಟ್ಟುತ್ತೆ. ಮಗು ತಾಯಿಹಾಲು ಬಿಟ್ಟು ಹೊರಗಿನ ನೀರು, ಊಟ ಶುರು ಮಾಡೋದೂ ಆಗಲೇ. ಕೊಳಕು ನೀರಿಂದ ಭೇದಿ, ಜ್ವರ ಬರೋದೂ ಆಗಲೇ. ಕಣ್ಣಿಗೆ ಕಾಣೋದು ಮಾತ್ರ ಊದಿದ ವಸಡು. ತಪ್ಪೆಲ್ಲ ಹಲ್ಲಿನ ತಲೆ ಮೇಲೆ ಬಂತು.

ಅದಕ್ಕೆ ಚಿಕಿತ್ಸೆ ಏನು? ಪುಟ್ಟ ಮಗುವಿನ ವಸಡನ್ನ ಚಾಕುವಿನಿಂದ ಕೊಯ್ಯೋದು. ಹಲ್ಲು ಹೊರಗೆ ಬರೋಕೆ ದಾರಿ ಮಾಡಿಕೊಡ್ತೀವಿ ಅನ್ನೋ ತರ್ಕ. 16ನೇ ಶತಮಾನದ ಹೆಸರಾಂತ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಇದನ್ನ ಬರೆದಿಟ್ಟ. 19ನೇ ಶತಮಾನದಲ್ಲೂ ಡಾಕ್ಟರ್‌ಗಳು ಇದನ್ನ ಮಾಡ್ತಾ ಇದ್ರು. ಸ್ವಚ್ಛ ಮಾಡದ ಚಾಕು, ಅರಿವಳಿಕೆ ಇಲ್ಲ. ಕೂಸಿನ ಬಾಯಿ.

ಮಗು ಸುಮ್ಮನಾದ್ರೆ ಸಾಕು

ಚಾಕುವಿಗಿಂತ ಸುಲಭದ ದಾರಿಯೂ ಬಂತು, ಬಾಟಲಿಯಲ್ಲಿ. 1849ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ "ಮಿಸೆಸ್ ವಿನ್ಸ್ಲೋಸ್ ಸೂದಿಂಗ್ ಸಿರಪ್" ಮಾರಾಟಕ್ಕೆ ಬಂತು. ಹಲ್ಲು ಹುಟ್ಟೋ ಮಕ್ಕಳ ಅಳು ನಿಲ್ಲಿಸೋ ಔಷಧಿ. ಜಾಹೀರಾತಲ್ಲಿ ಮುದ್ದಾದ ತಾಯಿ, ನಗೋ ಮಗು. ನಿಜಕ್ಕೂ ಕೆಲಸ ಮಾಡ್ತಿತ್ತು, ಮಗು ಗಾಢ ನಿದ್ದೆಗೆ ಜಾರ್ತಿತ್ತು. ಯಾಕಂದ್ರೆ ಅದರಲ್ಲಿ ಇದ್ದಿದ್ದು ಮಾರ್ಫಿನ್ ಮತ್ತು ಆಲ್ಕೋಹಾಲ್. ಎಷ್ಟೋ ಮಕ್ಕಳು ಆ ನಿದ್ದೆಯಿಂದ ಏಳಲೇ ಇಲ್ಲ. 1906ರಲ್ಲಿ ಅಮೆರಿಕದಲ್ಲಿ ಹೊಸ ಕಾನೂನು ಬಂದು, ಒಳಗೆ ಏನಿದೆ ಅಂತ ಲೇಬಲ್ ಮೇಲೆ ಬರೀಬೇಕಾಯ್ತು. 1911ರಲ್ಲಿ ಅಲ್ಲಿನ ವೈದ್ಯರ ಸಂಘ ಈ ಸಿರಪ್ ಅನ್ನ "ಶಿಶುಹಂತಕ"ಗಳ ಸಾಲಿಗೆ ಸೇರಿಸ್ತು.

ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಇನ್ನೊಂದು ಕಥೆ. ಅಲ್ಲಿ ಹಲ್ಲು ಹುಟ್ಟೋ ಮಕ್ಕಳಿಗೆ ಬಿಳಿ ಪುಡಿ ಕೊಡ್ತಿದ್ರು. ಹೆಸರು ಕ್ಯಾಲೊಮೆಲ್. ಅದು ಪಾದರಸದ ಸಂಯುಕ್ತ. 20ನೇ ಶತಮಾನದಲ್ಲಿ ಡಾಕ್ಟರ್‌ಗಳ ಹತ್ರ ಒಂದು ವಿಚಿತ್ರ ಕಾಯಿಲೆಯ ಮಕ್ಕಳು ಬರೋಕೆ ಶುರುವಾದ್ರು. ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ ಚರ್ಮ ಸುಲಿಯೋದು, ಬೆಳಕು ಕಂಡ್ರೆ ಕಣ್ಣು ಮುಚ್ಚೋದು, ಕೂದಲು ಉದುರೋದು, ಹಲ್ಲೂ ಉದುರೋದು. ಅದಕ್ಕೆ "ಪಿಂಕ್ ಡಿಸೀಸ್" ಅಂತ ಹೆಸರಿಟ್ರು. ಕಾರಣ ದಶಕಗಟ್ಟಲೆ ಗೊತ್ತಾಗಲಿಲ್ಲ. 1940ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ವೈದ್ಯ ಜೋಸೆಫ್ ವಾರ್ಕನಿ, ಇಂಥ ಮಗುವಿನ ಮೂತ್ರದಲ್ಲಿ ಪಾದರಸ ಕಂಡ. 1954ರಲ್ಲಿ ಬ್ರಿಟನ್‌ನ ಕಂಪನಿಗಳು ಪುಡಿಯಿಂದ ಪಾದರಸ ತೆಗೆದವು. ಕಾಯಿಲೆ ಹೆಚ್ಚುಕಮ್ಮಿ ಮಾಯವಾಯ್ತು. ಅಷ್ಟರಲ್ಲಿ ನೂರಾರು ಮಕ್ಕಳು ಹೋಗಿದ್ರು.

ಚಾಕು, ಸಿರಪ್, ಪುಡಿ, ಈ ಮೂರನ್ನೂ ಕೊಟ್ಟವರು ಮಕ್ಕಳನ್ನ ಪ್ರೀತಿಸ್ತಿದ್ದ ಅಪ್ಪ ಅಮ್ಮಂದಿರು, ಓದಿದ ಡಾಕ್ಟರ್‌ಗಳು. ಆದ್ರೆ ಅವರು ನೋಡ್ತಿದ್ದಿದ್ದು ಒಂದೇ, ಅಳು ನಿಲ್ತಾ ಇಲ್ವಾ ಅಂತ. ಒಳಗೆ ಏನಾಗ್ತಿದೆ ಅಂತ ಮಗು ಬಾಯಿಬಿಟ್ಟು ಹೇಳೋಕಾಗಲ್ಲ. ಸುಮ್ಮನಾಯ್ತು ಅಂದ್ರೆ ಗುಣ ಆಯ್ತು ಅಂತ ಲೆಕ್ಕ.

ಸೈನಿಕನ ಬಾಯಿಂದ ಶಾಲೆಗೆ

19ನೇ ಶತಮಾನದ ಕೊನೆಗೆ ಎರಡು ವಿಷಯ ಬದಲಾದವು. ಒಂದು, ಯುರೋಪಿನಲ್ಲಿ ಸಕ್ಕರೆ ಅಗ್ಗವಾಯ್ತು. ಬ್ರಿಟನ್ 1874ರಲ್ಲಿ ಸಕ್ಕರೆ ಮೇಲಿನ ಸುಂಕವನ್ನೇ ತೆಗೀತು. ಬಡವರ ಮನೆ ಚಹಾದಲ್ಲೂ ಜಾಮ್‌ನಲ್ಲೂ ಸಕ್ಕರೆ ತುಂಬ್ಕೊಳ್ತು. ಎರಡು, 1890ರಲ್ಲಿ ಬರ್ಲಿನ್‌ನಲ್ಲಿ ಕೆಲಸ ಮಾಡ್ತಿದ್ದ ಡಬ್ಲ್ಯೂ. ಡಿ. ಮಿಲ್ಲರ್ ಅನ್ನೋ ಅಮೆರಿಕನ್ ದಂತವೈದ್ಯ ನಿಜವಾದ "ಹುಳು" ಯಾವುದು ಅಂತ ತೋರಿಸಿದ. ಬಾಯಲ್ಲಿರೋ ಬ್ಯಾಕ್ಟೀರಿಯಾ ಸಕ್ಕರೆ, ಹಿಟ್ಟಿನಂಶ ತಿಂದು ಆಮ್ಲ ಬಿಡುತ್ತೆ, ಆ ಆಮ್ಲ ಹಲ್ಲನ್ನ ಕರಗಿಸುತ್ತೆ. ಅಂದ್ರೆ ಹುಳುಕು ಹಣೆಬರಹ ಅಲ್ಲ, ತಡೀಬಹುದು.

1885ರಲ್ಲೇ ಸ್ಕಾಟ್‌ಲೆಂಡಿನ ಡಂಡೀ ಊರಿನ ದಂತವೈದ್ಯ ವಿಲಿಯಂ ಫಿಶರ್, ಶಾಲೆ ಮಕ್ಕಳ ಹಲ್ಲು ನೋಡೋದನ್ನ ಕಡ್ಡಾಯ ಮಾಡಿ ಅಂತ ಕೇಳಿದ್ದ. ಕೇಳಿಸಿಕೊಂಡವರು ಕಮ್ಮಿ. ಸರ್ಕಾರಗಳ ಕಿವಿ ತೆರೆಸಿದ್ದು ಮಕ್ಕಳ ಅಳು ಅಲ್ಲ, ಯುದ್ಧ. 1899ರಲ್ಲಿ ಶುರುವಾದ ಬೋಯರ್ ಯುದ್ಧಕ್ಕೆ ಸೇರೋಕೆ ಬಂದ ಬ್ರಿಟಿಷ್ ಯುವಕರಲ್ಲಿ ಎಷ್ಟೋ ಜನರನ್ನ ಕೆಟ್ಟ ಹಲ್ಲಿನ ಕಾರಣಕ್ಕೇ ವಾಪಸ್ ಕಳಿಸಿದ್ರು. ಸೈನ್ಯದ ಗಟ್ಟಿ ಬಿಸ್ಕತ್ತು ಅಗಿಯೋಕೆ ಹಲ್ಲಿಲ್ಲದ ಸೈನಿಕ ಏನು ಪ್ರಯೋಜನ? ಆಗ ಎಲ್ಲರ ಕಣ್ಣು ಶಾಲೆಗಳ ಕಡೆ ಹೋಯ್ತು. ಆಗ ಜರ್ಮನಿಯಲ್ಲಿದ್ದ ಸ್ಟ್ರಾಸ್‌ಬರ್ಗ್‌ನಲ್ಲಿ 1902ರಲ್ಲಿ ಅರ್ನ್ಸ್ಟ್ ಯೆಸ್ಸೆನ್ ಶಾಲಾಮಕ್ಕಳಿಗೆ ಅಂತಲೇ ದಂತ ಕ್ಲಿನಿಕ್ ತೆರೆದ. 1907ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲೂ ಒಂದು ಶುರುವಾಯ್ತು.

ಎಲ್ಲರಿಗಿಂತ ದೊಡ್ಡ ಹೆಜ್ಜೆ ಇಟ್ಟಿದ್ದು ಪುಟ್ಟ ದೇಶ ನ್ಯೂಜಿಲೆಂಡ್. ಮೊದಲ ಮಹಾಯುದ್ಧದಲ್ಲಿ ಸೈನ್ಯದ ದಂತ ವಿಭಾಗ ನಡೆಸಿದ್ದ ಥಾಮಸ್ ಹಂಟರ್, ತನ್ನ ದೇಶದ ಹುಡುಗರ ಬಾಯಿ ಎಷ್ಟು ಹಾಳಾಗಿದೆ ಅಂತ ಕಣ್ಣಾರೆ ನೋಡಿದ್ದ. ಊರೂರಿಗೆ ಕಳಿಸೋಕೆ ದಂತವೈದ್ಯರು ಸಾಕಾಗ್ತಿರಲಿಲ್ಲ. ಅವನು ಹೇಳಿದ ಉಪಾಯ: ಯುವತಿಯರಿಗೆ ಎರಡು ವರ್ಷ ತರಬೇತಿ ಕೊಟ್ಟು, ಮಕ್ಕಳ ಹಲ್ಲು ತುಂಬೋದು, ಕೀಳೋದು ಕಲಿಸಿ, ಶಾಲೆಗಳಿಗೇ ಕಳಿಸೋಣ. ದಂತವೈದ್ಯರಲ್ಲಿ ಕೆಲವರು ವಿರೋಧ ಮಾಡಿದ್ರೂ 1921ರಲ್ಲಿ ವೆಲ್ಲಿಂಗ್ಟನ್‌ನಲ್ಲಿ ತರಬೇತಿ ಶುರುವಾಯ್ತು. ಹೋಲಿಕೆಗೆ ಹೇಳ್ತೀನಿ, ಭಾರತದ ಮೊದಲ ದಂತ ಕಾಲೇಜನ್ನ ಡಾ. ಆರ್. ಅಹ್ಮದ್ ಕಲ್ಕತ್ತಾದಲ್ಲಿ ಶುರು ಮಾಡಿದ್ದು ಅದರ ಹಿಂದಿನ ವರ್ಷ, 1920ರಲ್ಲಿ. ನಮ್ಮ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಬಂದಿದ್ದು 1958ರಲ್ಲಿ.

ನ್ಯೂಜಿಲೆಂಡಿನ ಯೋಜನೆ ಗೆಲ್ತು. ಹಳ್ಳಿ ಶಾಲೆಯ ಪಕ್ಕ ಪುಟ್ಟ ಕ್ಲಿನಿಕ್, ಬಿಳಿ ಬಟ್ಟೆಯ ದಂತ ನರ್ಸ್, ಆರು ತಿಂಗಳಿಗೊಮ್ಮೆ ತಪಾಸಣೆ, ದುಡ್ಡಿಲ್ಲದೆ ಚಿಕಿತ್ಸೆ. ಬೇರೆ ದೇಶಗಳು ಬಂದು ನೋಡಿ ಕಲಿತವು. ಆದ್ರೆ ಮಕ್ಕಳು ಆ ಕ್ಲಿನಿಕ್‌ಗೆ ಇಟ್ಟ ಅಡ್ಡಹೆಸರು ಗೊತ್ತಾ? "ಮರ್ಡರ್ ಹೌಸ್". ಕೊಲೆ ಮನೆ!

ಯಾಕೆ? ಮೊದಲ ದಶಕಗಳಲ್ಲಿ ಡ್ರಿಲ್ ತಿರುಗಿಸ್ತಿದ್ದಿದ್ದು ಕಾಲಿನಿಂದ, ಹಳೇ ಹೊಲಿಗೆ ಮಿಷನ್ ತುಳಿದ ಹಾಗೆ. ಅದು ನಿಧಾನಕ್ಕೆ ಗರಗರ ಅಂತ ಕೊರೀತಿತ್ತು, ತಲೆಬುರುಡೆಯೆಲ್ಲ ನಡುಗ್ತಿತ್ತು. ಮರಗಟ್ಟಿಸೋ ಇಂಜೆಕ್ಷನ್ ಸಾಮಾನ್ಯವಾಗಿ ಇರ್ತಿರಲಿಲ್ಲ. ಜೊತೆಗೆ ಸಣ್ಣ ಗುರುತು ಕಂಡ್ರೂ ಕೊರೆದು ತುಂಬೋದೇ ರೂಢಿಯಾಗಿತ್ತು. ಕೊನೆಗೆ 1970ರ ದಶಕದಲ್ಲಿ, ಯಾವುದನ್ನ ಕೊರೀಬೇಕು, ಯಾವುದನ್ನ ಕಾದು ನೋಡಬೇಕು ಅನ್ನೋ ನಿಯಮವನ್ನ ಅಲ್ಲಿನ ಇಲಾಖೆಯೇ ಬದಲಾಯಿಸ್ತು. ತುಂಬಿಸೋ ಹಲ್ಲುಗಳ ಸಂಖ್ಯೆ ಇಳೀತು.

ಈಗ ಮಗುವಿನ ಹಲ್ಲಿಗೆ ಬೆಲೆ ಬಂದಿತ್ತು. ಮಗುವಿನ ಭಯಕ್ಕೆ ಇನ್ನೂ ಬಂದಿರಲಿಲ್ಲ.

ಕೊಲೊರಾಡೋದಿಂದ ಪಾವಗಡದವರೆಗೆ

ಕೊರೆಯೋದಕ್ಕಿಂತ ಮುಂಚೆಯೇ ತಡೆಯೋದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಕಂದು ಹಲ್ಲಿನಲ್ಲಿ. 1901ರಲ್ಲಿ ಫ್ರೆಡೆರಿಕ್ ಮೆಕೆ ಅನ್ನೋ ಯುವ ದಂತವೈದ್ಯ ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್‌ಗೆ ಬಂದ. ಊರಿನ ಮಕ್ಕಳ ಹಲ್ಲೆಲ್ಲ ಕಂದು ಕಲೆ. ಆದ್ರೆ ವಿಚಿತ್ರ ಏನಂದ್ರೆ ಆ ಹಲ್ಲುಗಳಿಗೆ ಹುಳುಕು ಕಮ್ಮಿ! ಕಾರಣಕ್ಕಾಗಿ 30 ವರ್ಷ ಹುಡುಕಾಟ ನಡೀತು. 1931ರಲ್ಲಿ ಎಚ್. ವಿ. ಚರ್ಚಿಲ್ ಅನ್ನೋ ರಸಾಯನಶಾಸ್ತ್ರಜ್ಞ ಇಂಥ ಊರುಗಳ ಕುಡಿಯೋ ನೀರಲ್ಲಿ ಅತಿಯಾದ ಫ್ಲೋರೈಡ್ ಇರೋದನ್ನ ಪತ್ತೆ ಮಾಡಿದ. ಆಮೇಲೆ ಟ್ರೆಂಡ್ಲಿ ಡೀನ್ ಅನ್ನೋ ಸರ್ಕಾರಿ ದಂತವೈದ್ಯ ಊರೂರಿನ ನೀರು, ಮಕ್ಕಳ ಹಲ್ಲು ಎರಡನ್ನೂ ತಾಳೆ ನೋಡಿದ. ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ರೆ ಕಲೆ ಅಷ್ಟಾಗಿ ಬರಲ್ಲ, ಹುಳುಕೂ ಕಮ್ಮಿಯಾಗುತ್ತೆ ಅಂತ ಕಂಡ.

1945ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ತನ್ನ ನಲ್ಲಿ ನೀರಿಗೆ ಫ್ಲೋರೈಡ್ ಸೇರಿಸ್ತು. ಜಗತ್ತಿನಲ್ಲೇ ಮೊದಲು. ಸುಮಾರು 30,000 ಶಾಲಾಮಕ್ಕಳ ಹಲ್ಲಿನ ಲೆಕ್ಕ ಇಟ್ರು. 11 ವರ್ಷಗಳ ನಂತರ ನೋಡಿದ್ರೆ, ಫ್ಲೋರೈಡ್ ಸೇರಿಸಿದ ಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡಾ 60ಕ್ಕಿಂತ ಹೆಚ್ಚು ಕಮ್ಮಿಯಾಗಿತ್ತು. ಇವತ್ತು ನಮ್ಮ ಟೂತ್‌ಪೇಸ್ಟ್‌ನಲ್ಲಿ ಫ್ಲೋರೈಡ್ ಇರೋದರ ಹಿಂದೆ ಇದೇ ಕಥೆ ಇದೆ.

ಇಲ್ಲಿ ನಮ್ಮ ನಾಡಿನ ಕಥೆ ಸೇರ್ಕೊಳ್ಳುತ್ತೆ. ಗ್ರ್ಯಾಂಡ್ ರ್‍ಯಾಪಿಡ್ಸ್ ನೀರಿಗೆ ಫ್ಲೋರೈಡ್ ಹಾಕ್ತು, ನಮ್ಮ ಎಷ್ಟೋ ತಾಲ್ಲೂಕುಗಳಲ್ಲಿ ನೀರಿಂದ ಫ್ಲೋರೈಡ್ ತೆಗೀಬೇಕಾಗಿದೆ. 1937ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯಿಂದ ಫ್ಲೋರೈಡ್ ಕಾಯಿಲೆಯ ವರದಿ ಬಂದಿತ್ತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಆ ಕಡೆ ರಾಯಚೂರು, ಕೊಪ್ಪಳದ ಹಲವು ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಇದು ಮಿತಿ ಮೀರಿದೆ. ಭಾರತದ ಕುಡಿಯೋ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ರೆ 1.5. ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರೋ ನೀರನ್ನ ಮಕ್ಕಳು ಎಳೇ ವಯಸ್ಸಲ್ಲಿ ಕುಡಿದ್ರೆ, ವಸಡಿನೊಳಗೆ ತಯಾರಾಗ್ತಿರೋ ಶಾಶ್ವತ ಹಲ್ಲಿನ ಮೇಲ್ಪದರವೇ ಕೆಡುತ್ತೆ. ಆರೇಳು ವರ್ಷಕ್ಕೆ ಹಲ್ಲು ಹೊರಗೆ ಬರುವಾಗಲೇ ಬಿಳಿ ಮಚ್ಚೆ, ಹಳದಿ, ಕಂದು ಗೆರೆ.

ಆ ಮಗುವಿಗೆ ಸ್ಕೂಲಲ್ಲಿ ಏನು ಸಿಗುತ್ತೆ? "ಹಲ್ಲುಜ್ಜಲ್ವಾ ನೀನು?" ಎಷ್ಟುಜ್ಜಿದ್ರೂ ಹೋಗದ ಕಲೆಗೆ ಮಗು ಬೈಸ್ಕೊಳ್ಳುತ್ತೆ, ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತೆ. ತಪ್ಪು ಇರೋದು ಆಳಕ್ಕೆ ಕೊರೆದ ಬೋರ್‌ವೆಲ್‌ನಲ್ಲಿ. ಅಂಥ ಊರಿನವರಿಗೆ ಬೇಕಾಗಿರೋದು ಒಳ್ಳೇ ನೀರು, ಬೈಗುಳ ಅಲ್ಲ.

ಕೊರೆಯದೇ ಮುಚ್ಚೋದು

ಈಗ ಕೊನೆಯ ತಿರುವು. ಮತ್ತೆ ಸ್ಕಾಟ್‌ಲೆಂಡ್‌ಗೆ ಹೋಗೋಣ. ಅಲ್ಲಿ ನಾರ್ನಾ ಹಾಲ್ ಅನ್ನೋ ದಂತವೈದ್ಯೆ ಇದ್ರು. ಅವರ ಊರಿನ ಮಕ್ಕಳಲ್ಲಿ ಹುಳುಕು ಜಾಸ್ತಿ, ಡ್ರಿಲ್ ಕಂಡ್ರೆ ಭಯವೂ ಜಾಸ್ತಿ. ಅವರು ಒಂದು ಸರಳ ಕೆಲಸ ಮಾಡಿದ್ರು. ಕೊರೆಯಲಿಲ್ಲ, ಇಂಜೆಕ್ಷನ್ ಕೊಡಲಿಲ್ಲ. ಹುಳುಕು ಇದ್ದ ಹಾಲು ದವಡೆ ಹಲ್ಲಿನ ಮೇಲೆ ರೆಡಿಮೇಡ್ ಸ್ಟೀಲ್ ಟೊಪ್ಪಿಗೆಯನ್ನ ಸಿಮೆಂಟ್ ಹಾಕಿ ಒತ್ತಿ ಕೂರಿಸಿದ್ರು. ಒಳಗೆ ಸಿಕ್ಕಿಬಿದ್ದ ಬ್ಯಾಕ್ಟೀರಿಯಾಗೆ ಸಕ್ಕರೆ ಸಿಗಲ್ಲ. ಹುಳುಕು ಅಲ್ಲಿಗೇ ನಿಲ್ಲುತ್ತೆ.

ಓದಿದವರು ಹುಬ್ಬೇರಿಸಿದ್ರು. ಕೊಳೆತ ಭಾಗ ತೆಗೀದೆ ಮುಚ್ಚೋದಾ? ಆದ್ರೆ ಡಂಡೀ ವಿಶ್ವವಿದ್ಯಾಲಯದವರು ಅವರ ವರ್ಷಗಳ ದಾಖಲೆ ತೆಗೆದು ನೋಡಿದ್ರು. ಹೌದು, 1885ರಲ್ಲಿ ಫಿಶರ್ ಮಾತಾಡಿದ ಅದೇ ಡಂಡೀ. ಆಮೇಲೆ 132 ಮಕ್ಕಳ ಮೇಲೆ ಅಧ್ಯಯನ ಮಾಡಿದ್ರು. ಒಂದೇ ಮಗುವಿನ ಬಾಯಲ್ಲಿ ಒಂದು ಹಲ್ಲಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಟೊಪ್ಪಿಗೆ. 2007ರಲ್ಲಿ ಮೊದಲ ಫಲಿತಾಂಶ ಬಂತು. ಟೊಪ್ಪಿಗೆ ಹಾಕಿದ ಹಲ್ಲುಗಳೇ ಚೆನ್ನಾಗಿದ್ವು. ಅದಕ್ಕಿಂತ ಮುಖ್ಯ, ಯಾವುದು ಇಷ್ಟ ಆಯ್ತು ಅಂತ ಮಕ್ಕಳನ್ನೇ ಕೇಳಿದ್ರು. ಬಹುಪಾಲು ಮಕ್ಕಳು ಟೊಪ್ಪಿಗೆ ಅಂದ್ರು. ವಸಡು ಕೊಯ್ದ ಕಾಲದಿಂದ ಇಲ್ಲಿಗೆ ಬರೋಷ್ಟರಲ್ಲಿ, ಮಗುವಿನ ಉತ್ತರವೂ ಒಂದು ದಾಖಲೆ ಆಯ್ತು.

ಜಪಾನಿನಲ್ಲಿ 1970ರಿಂದಲೇ ಬಳಕೆಯಲ್ಲಿದ್ದ ಇನ್ನೊಂದು ಔಷಧಿ ಇದೆ, ಸಿಲ್ವರ್ ಡೈಅಮೈನ್ ಫ್ಲೋರೈಡ್. ಒಂದು ಹನಿ ಸವರಿದ್ರೆ ಎಷ್ಟೋ ಹುಳುಕು ಅಲ್ಲಿಗೇ ನಿಲ್ಲುತ್ತೆ. ತೊಂದರೆ ಒಂದೇ, ಹುಳುಕಿನ ಜಾಗ ಕಪ್ಪಾಗುತ್ತೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ, ಫ್ಲೋರೈಡ್ ಟೂತ್‌ಪೇಸ್ಟನ್ನೂ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು.

ಮತ್ತೆ ನಮ್ಮನೆಗೆ

ನಮ್ಮಕ್ಕನ ಮಗಳಿಗೆ ಏನಾಯ್ತು? ನೋವು ಕೊಟ್ಟ ಹಲ್ಲಿಗೆ ಟೊಪ್ಪಿಗೆ ಮಾತ್ರ ಸಾಕಾಗಲಿಲ್ಲ. ರಾತ್ರಿ ತಾನಾಗೇ ನೋವು ಬಂತು ಅಂದ್ರೆ ಹುಳುಕು ನರ ಮುಟ್ಟಿದೆ ಅಂತ ಅರ್ಥ. ಇಂಜೆಕ್ಷನ್ ಕೊಟ್ಟು ನರದ ಚಿಕಿತ್ಸೆ ಮಾಡಬೇಕಾಯ್ತು. ಅವಳು ಅತ್ತಳು, ಅಕ್ಕನೂ ಅತ್ತಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಆಚೆ ಪಕ್ಕದ ಹಲ್ಲಲ್ಲಿ ಸಣ್ಣ ಹುಳುಕಿತ್ತು, ನೋವಿರಲಿಲ್ಲ. ಅದಕ್ಕೆ ಕೊರೆಯದೆ ಸ್ಟೀಲ್ ಟೊಪ್ಪಿಗೆ ಕೂರಿಸಿದ್ರು, ಕೆಲವೇ ನಿಮಿಷದಲ್ಲಿ ಮುಗೀತು. ಎರಡರ ನಡುವಿನ ವ್ಯತ್ಯಾಸ ನಾನು "ಬೀಳುತ್ತೆ ಬಿಡು" ಅಂದ ಆ ಎರಡು ತಿಂಗಳು.

ಡಾಕ್ಟರ್ ಹೇಳಿದ್ದನ್ನ ನಿಮಗೂ ಹೇಳ್ತೀನಿ. ಹಾಲು ಹಲ್ಲು ಒಟ್ಟು 20. ಮುಂದಿನವು ಆರೇಳು ವರ್ಷಕ್ಕೆ ಬಿದ್ರೂ, ಹಿಂದಿನ ದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೆ ಇರಬೇಕು. ಕೆಳಗೆ ಬರೋ ಹಲ್ಲಿಗೆ ಜಾಗ ಕಾಯೋದು ಅವೇ. ಮೊದಲ ಹಲ್ಲು ಬಂದ ದಿನದಿಂದ ಉಜ್ಜಬೇಕು. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಆರು ವರ್ಷದವರೆಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟು, ದಿನಕ್ಕೆರಡು ಸಲ, ದೊಡ್ಡವರೇ ನಿಂತು ಉಜ್ಜಿಸಬೇಕು, ಉಗುಳಿಸಬೇಕು. ನಿಮ್ಮೂರ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದ್ರೆ ಡಾಕ್ಟರನ್ನ ಕೇಳಿ. ಬಾಯಲ್ಲಿ ಹಾಲಿನ ಬಾಟಲಿ ಇಟ್ಕೊಂಡು ಮಗು ಮಲಗೋದು ಬೇಡ. ಒಂದು ವರ್ಷ ತುಂಬೋದರೊಳಗೆ ಒಂದ್ಸಲ ತೋರಿಸಿ.

ನಾವು ಚಿಕ್ಕವರಿದ್ದಾಗ ಬಿದ್ದ ಹಲ್ಲನ್ನ ಸಗಣಿ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೀತಿದ್ವಿ, ನಿಮಗೂ ನೆನಪಿರಬಹುದು. ಮೊನ್ನೆ ಅದನ್ನ ಹೇಳಿದಾಗ ಅವಳು ಬಾಯಿ ಅಗಲಿಸಿ ಸ್ಟೀಲ್ ಹಲ್ಲು ತೋರಿಸಿದಳು. "ಮಾಮ, ಇದು ಬಿದ್ರೂ ಸೂರಿನ ಮೇಲೆ ಹಾಕ್ಬೇಕಾ?" ಅಂದಳು. ಹೂಂ ಪುಟ್ಟಿ, ಹಾಕೋಣ ಅಂದೆ. ಆದ್ರೆ ಅದಕ್ಕೆ ಇನ್ನೂ ಐದಾರು ವರ್ಷ ಇದೆ.

ಇವತ್ತಿಗೆ ಇಷ್ಟು. ನಿಮ್ಮನೆಯಲ್ಲೂ ಪುಟ್ಟ ಮಕ್ಕಳಿದ್ರೆ, ಇವತ್ತು ಮನೆಗೆ ಹೋದ ಮೇಲೆ ಫೋನಿನ ಟಾರ್ಚ್ ಹಾಕಿ ಒಂದ್ಸಲ ಆ ಬಾಯಿ ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.